ಹಿಂದಿನ ಸೀಟಿನ ಬಾಗಿಲು

ಬಣ್ಣ ಕಿತ್ತು ಬಂದದ್ದನ್ನು ಕಂಡು ತನಗೆ ಖುಷಿಯಾಯಿತೆಂಬುದು ಪೇಂಟರಿಗೆ ಒಂದು ಗಳಿಗೆ ತಡವಾಗಿ ಗೊತ್ತಾಯಿತು. ಕಾರಿನ ಮುಂದಿನ ಬಾಗಿಲು ತೆರೆದು, ಒಳಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಅಂಚಿಗೆ ಉಗುರು ಹಾಕಿ ಎತ್ತಿದ್ದೇ ತಡ, ಬೂದು ಬಣ್ಣದ ಪದರವೊಂದು ಬಿಸಿಲಿಗೆ ಸುಟ್ಟ ಬೆನ್ನಿನ ಚರ್ಮ ಸುಲಿದ ಹಾಗೆ ಉದ್ದಕ್ಕೂ ಎದ್ದು ಕೈಗೆ ಬಂತು. ಅದನ್ನು ಬೆರಳಿಗೆ ಸುತ್ತಿಕೊಂಡು ಅವನು ಬಗ್ಗಿದಂತೆಯೇ ನಿಂತ. ವರ್ಷಾನುಗಟ್ಟಲೆ ಊರವರ ಕಾರುಗಳಿಗೆ ಬಣ್ಣ ಹೊಡೆದು ಹೊಟ್ಟೆ ಹೊರೆದುಕೊಂಡವನಿಗೆ ಕಿತ್ತು ಬಂದ ಬಣ್ಣ ಕಂಡರೆ ಅಯ್ಯೋ ಅನ್ನಿಸಬೇಕು. ಗ್ಯಾರೇಜಿನಲ್ಲಿ ಯಾರಾದರೂ ಕೈಗೆ ಬಂದ ಹಾಗೆ ಮಾಡಿದ ಕೆಲಸ ಕಣ್ಣಿಗೆ ಬಿದ್ದರೆ ಅವನಿಗೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತಿತ್ತು. ಇವತ್ತು ಮಾತ್ರ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಮುಖದ ಮೇಲೆ ಅದು ಕಾಣದಿರಲೆಂದು ಇನ್ನಷ್ಟು ಒಳಗೆ ಬಗ್ಗಿ, ಗೇರಿನ ಹತ್ತಿರ, ಕಿಟಕಿಯ ಸ್ವಿಚ್ಚುಗಳ ಹತ್ತಿರ, ಎಲ್ಲೆಲ್ಲಿ ಉಗುರು ಆಡಿಸಿದರೆ ಅಲ್ಲೆಲ್ಲ ಬಣ್ಣ ಏಳುವುದನ್ನು ನೋಡಿದ.

"ಪಾಲಿಶ್ ತೆಗೀದೆ ಹಾಗೇ ಮೇಲೆ ಹೊಡೆದುಬಿಟ್ಟಿದ್ದಾರೆ," ಎಂದ, ಆದಷ್ಟು ಸಪ್ಪೆ ದನಿಯಲ್ಲಿ. "ಉಜ್ಜಿಲ್ಲ, ಪ್ರೈಮರ್ ಇಲ್ಲ. ಹೀಗೆ ಮಾಡಿದ್ರೆ ಎಲ್ಲಿ ನಿಲ್ಲುತ್ತೆ? ಯಾವ ಅಂಗಡಿಯವರು ಮಾಡಿದ್ದು?"

ಯಾರು ಮಾಡಿದ್ದೆಂದು ಗೊತ್ತಿದ್ದೇ ಕೇಳಿದ್ದ.

"ಅಂಗಡಿಯವರಲ್ಲ ಅಂಕಲ್, ಅಪ್ಪನೇ," ಎಂದಳು ಹುಡುಗಿ. ಅವಳು ಬಾನೆಟ್ಟಿಗೆ ಒರಗಿ ಕೀಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ಒಂದು ಭಾನುವಾರ ಪೂರ್ತಿ ಕೂತು ಹೊಡೆದ. ನಾನು ಡಬ್ಬಿ ಗಡಗಡ ಅಂತ ಅಲ್ಲಾಡಿಸಿ ಕೊಡೋದು, ಅವನು ಫುಸ್ ಫುಸ್ ಅಂತ ಹೊಡೆಯೋದು. ಸಂಜೆ ಹೊತ್ತಿಗೆ ಇಬ್ಬರ ಮೂಗಿನ ತುಂಬ ಬೂದು ಬಣ್ಣ. ಅಮ್ಮ ನಮ್ಮನ್ನ ಒಳಗೇ ಬಿಟ್ಟುಕೊಳ್ಳಲಿಲ್ಲ."

ಅವಳು ನಕ್ಕಳು. ಆ ನಗು ಇಲ್ಲಿಯದಲ್ಲ, ಆ ಭಾನುವಾರದ್ದು. ಪೇಂಟರನ ಖುಷಿ ಬಂದ ದಾರಿಯಲ್ಲೇ ವಾಪಸು ಹೋಯಿತು. ಬಾಳಿಕೆ ಬರದ ಕೆಲಸವೊಂದು ಹುಡುಗಿಯ ತಲೆಯೊಳಗೆ ಎಷ್ಟು ಗಟ್ಟಿಯಾಗಿ ಕೂತಿದೆ ನೋಡು, ಅಂದುಕೊಂಡ. ತಾನು ಇವಳಮ್ಮನನ್ನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಇವಳ ಕೋಣೆಯ ಬೀರು, ಮೇಜು, ಕಿಟಕಿಯ ಸರಳು, ಎಲ್ಲಕ್ಕೂ ಬಣ್ಣ ಹೊಡೆದಿದ್ದ. ಒಂದೂ ಕಿತ್ತು ಬಂದಿರಲಿಲ್ಲ. ಅದಕ್ಕೇ ಇರಬೇಕು, ಅವುಗಳ ವಿಷಯ ಯಾರೂ ಎತ್ತುತ್ತಿರಲಿಲ್ಲ.

ಹುಡುಗಿಗೆ ಪಶು ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅದು ಊರಿನ ಆ ತುದಿಯಲ್ಲಿತ್ತು. ಅವಳಪ್ಪ ನೀರಿನ ಪಂಪು ರಿಪೇರಿ ಮಾಡುವವರು; ಸಾಮಾನು ಹೇರುವುದಕ್ಕೆ ವ್ಯಾನು ತೆಗೆದುಕೊಂಡಿದ್ದರಿಂದ ಈ ಹಳೇ ಕಾರನ್ನು ಮಗಳಿಗೆ ಕೊಟ್ಟಿದ್ದರು. ಪೇಂಟರ್ ಅವರನ್ನು ಮನಸ್ಸಿನಲ್ಲಿ ಪಂಪಿನವರು ಎಂದು ಕರೆಯುತ್ತಿದ್ದ, ಎದುರಿಗೆ ಏನೂ ಕರೆಯುತ್ತಿರಲಿಲ್ಲ. "ಮುಂದಿನ ಭಾನುವಾರ ಅಪ್ಪ ಬರ್ತಾನೆ, ಮೂರು ಜನ ಒಂದು ರೌಂಡ್ ಹೋಗಿ ಬರೋಣ," ಎಂದಳು ಹುಡುಗಿ. "ಅಷ್ಟರೊಳಗೆ ಆಗುತ್ತಾ ಅಂಕಲ್? ಬಾಳಿಕೆ ಬರೋ ಹಾಗೆ ಮಾಡಿಕೊಡ್ತೀರಾ?" ಅಪ್ಪ ಬರ್ತಾನೆ, ನೀವು ಮಾಡಿಕೊಡ್ತೀರಾ. ಅವಳು ಒಳ್ಳೆಯ ಹುಡುಗಿ, ಒಂದು ದಿನವೂ ಎದುರಾಡಿದವಳಲ್ಲ. ಅವಳ ಬಾಯಲ್ಲಿ ತನಗೆ ಸಿಗುವ ಮರ್ಯಾದೆ, ಮನೆಗೆ ಬಂದ ನೆಂಟರಿಗೆ ಹಾಕಿಕೊಡುವ ಕುರ್ಚಿಯ ಹಾಗೆ ಇತ್ತು. ಕೂರಬಹುದು, ಕಾಲು ಚಾಚುವ ಹಾಗಿಲ್ಲ.

"ಆಗುತ್ತೆ," ಎಂದ.

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಾರನ್ನು ನಿಲ್ಲಿಸಿಕೊಂಡು ಕೆಲಸ ಶುರು ಮಾಡಿದ. ಬಾಗಿಲುಗಳ ಒಳಗಿನ ಪ್ಲಾಸ್ಟಿಕ್ ಹಲಗೆಗಳನ್ನು ಬಿಚ್ಚುವುದರಲ್ಲಿ ಒಂದು ನಾಜೂಕಿದೆ. ಸ್ಕ್ರೂ ತೆಗೆದು ಜೋರು ಮಾಡಿ ಎಳೆದರೆ ಹಿಂದಿನ ಕ್ಲಿಪ್ಪುಗಳು ಪಟಪಟನೆ ಮುರಿಯುತ್ತವೆ, ಸಂದಿಗೆ ತೆಳ್ಳನೆ ಪಟ್ಟಿ ತೂರಿಸಿ ಒಂದೊಂದನ್ನೇ ಮಾತಾಡಿಸಿಕೊಂಡು ಬಿಡಿಸಬೇಕು. ಒಳಗೆ ಹೆಂಡತಿ ಪಕ್ಕದ ಮನೆಯವಳ ಜೊತೆ ಮಾತಾಡುತ್ತಿದ್ದದ್ದು ಕಿಟಕಿಯಿಂದ ಕೇಳುತ್ತಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಗಿರಾಕಿಗಳ ಮೂಗು ಕಿವಿ ನೋಡಿ ನೋಡಿ ಜನರನ್ನು ಹತ್ತಿರದಿಂದ ನೋಡುವ ಅಭ್ಯಾಸ. ಮದುವೆಗೆ ಮುಂಚೆ ಪೇಂಟರನ್ನೂ ಹಾಗೇ ನೋಡಿದ್ದಳು, ಮುಖಕ್ಕೆ ಯಾವ ಫ್ರೇಮು ಒಪ್ಪೀತು ಎನ್ನುವ ಹಾಗೆ. ಆ ನೋಟಕ್ಕೇ ಅವನು ಸೋತದ್ದು. ಈಗ ಅವಳು ಪಕ್ಕದ ಮನೆಯವಳಿಗೆ, "ಅವರು ಒಂದು ಸಲ ಮಲಗಿದ್ರೆ ಮುಗೀತು, ಎಬ್ಬಿಸೋಕೆ ಡೋಲು ಬಡೀಬೇಕು," ಎಂದು ಹೇಳುತ್ತಿದ್ದಳು. ಪೇಂಟರನ ಕೈ ನಿಂತಿತು. ಅವನು ಬೆಕ್ಕು ನಡೆದರೂ ಎಚ್ಚರಾಗುವವನು. ಹೆಂಡಂದಿರು ಗಂಡನನ್ನು ಅವರು ಎನ್ನುತ್ತಾರೆ, ಇವರು ಎನ್ನುತ್ತಾರೆ, ಅದರಲ್ಲೇನಿದೆ. ಆದರೆ ಈ ಮನೆಯಲ್ಲಿ ಒಬ್ಬರು ಅವರು, ಒಬ್ಬರು ಇವರು. ಇವರು ಅಂದಾಗ ಅದು ತಾನೆಂದು ಖಚಿತ. ಅವರು ಅಂದಾಗ ಮಾತು ಮುಗಿಯುವವರೆಗೂ ಉಸಿರು ಬಿಗಿಹಿಡಿದು ಕಾಯಬೇಕು. ಒಂದು ಸಲ ಕೇಳಿಯೂ ಇದ್ದ, ತಮಾಷೆಯ ಹಾಗೆ, "ಯಾರೇ ಅದು ನಿನ್ನ ಅವರು?" ಎಂದು. ಅವಳು ಪಾತ್ರೆ ತೊಳೆಯುತ್ತಿದ್ದವಳು ತಿರುಗಿ, "ಇನ್ಯಾರು, ನೀವೇ," ಎಂದು ನಕ್ಕಿದ್ದಳು. ಉತ್ತರ ಕೊಡುವ ಮುಂಚೆ ಅವಳು ನಲ್ಲಿ ನಿಲ್ಲಿಸಿದ್ದೇಕೆ ಎಂಬುದು ಅವನಿಗೆ ಇವತ್ತಿಗೂ ಬಗೆಹರಿದಿಲ್ಲ.

ಪಂಪಿನವರನ್ನು ದ್ವೇಷಿಸುವುದಕ್ಕೆ ಒಂದು ಕಾರಣವಾದರೂ ಇದ್ದಿದ್ದರೆ! ಕುಡಿಯುವವರಲ್ಲ, ಬಡಿದವರಲ್ಲ, ಬೇರೆ ಹೆಂಗಸಿನ ಗೊಡವೆಯಿಲ್ಲ. ಇಬ್ಬರೂ ಕೂತು ಮಾತಾಡಿ ಬೇರೆಯಾದವರು. ಯಾಕೆ ಎಂದರೆ ಹೆಂಡತಿ, "ಯಾಕೆ ಅಂದ್ರೆ ಏನು ಹೇಳೋದು, ಆಗ್ಲಿಲ್ಲ," ಎಂದಷ್ಟೇ ಹೇಳುತ್ತಿದ್ದಳು, ಬೆಂದ ಅನ್ನಕ್ಕೆ ಒಂದು ಹಿಡಿ ನೀರು ಹೆಚ್ಚಾಯಿತು ಅನ್ನುವ ಹಾಗೆ. ಭಾನುವಾರ ಹಣ್ಣಿನ ಚೀಲ ಹಿಡಿದು ಅವರು ಗೇಟಿನಲ್ಲಿ ಬಗ್ಗಿ ಬರುತ್ತಿದ್ದರು, ಅಷ್ಟು ಉದ್ದನೆಯ ಮನುಷ್ಯ. "ಏನ್ ಯಜಮಾನ್ರೇ, ಹೇಗಿದ್ದೀರಿ?" ಎಂದು ಪೇಂಟರನ ಬೆನ್ನು ತಟ್ಟುತ್ತಿದ್ದರು. ಯಜಮಾನ್ರೇ ಅನ್ನುವುದು ಗೌರವವೋ ಗೇಲಿಯೋ ತಿಳಿಯದೆ ಪೇಂಟರ್ ಹಲ್ಲು ಬಿಡುತ್ತಿದ್ದ. ಚಹಾ ಕುಡಿಯುವಾಗ ಅವರಿಗೆ ಸಕ್ಕರೆ ಎಷ್ಟೆಂದು ಹೆಂಡತಿ ಕೇಳುತ್ತಿರಲಿಲ್ಲ. ಮಗಳು ಅವರ ಕಾಲ ಹತ್ತಿರ ನೆಲದ ಮೇಲೆ ಕೂತು, ಕಂಪ್ರೆಸರ್ ಹೇಗೆ ಕೆಮ್ಮಿತು, ಯಾವ ಬಾವಿಯಲ್ಲಿ ಹಾವು ಸಿಕ್ಕಿತು ಎಂದು ಅವರು ಕೈಬಾಯಿ ತಿರುಗಿಸಿ ಹೇಳುವ ಕಥೆಗಳಿಗೆ ಬಿದ್ದೂ ಬಿದ್ದೂ ನಗುತ್ತಿದ್ದಳು. ಪೇಂಟರಿಗೂ ನಗು ಬರುತ್ತಿತ್ತು. ಅದೇ ದೊಡ್ಡ ಅವಮಾನ. ತನ್ನ ಮನೆಯ ಕುರ್ಚಿಯಲ್ಲಿ ಕೂತು, ತನಗೇ ನಗು ಬರಿಸಿ, ಅವರು ಎದ್ದು ಹೋಗುವರು. ಹೋದ ಮೇಲೆ ಮನೆ ಒಂದು ಗಂಟೆ ಹೊತ್ತು ಬಲ್ಬು ತೆಗೆದ ಹೋಲ್ಡರಿನಂತೆ ಇರುತ್ತಿತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಬಿಚ್ಚಿದ ಹಲಗೆಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟು ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಕೂತ. ಪ್ಲಾಸ್ಟಿಕ್ಕಿನ ಮೇಲಿನ ಸಣ್ಣ ತರಿಗಳ ಸಂದಿಯಲ್ಲಿ ಕೈಯ ಜಿಡ್ಡು, ಬೆವರು, ಪಾಲಿಶ್ಶಿನ ಎಣ್ಣೆ ಅಡಗಿ ಕೂತಿರುತ್ತವೆ. ಅದು ಹೋಗದೆ ಯಾವ ಬಣ್ಣವೂ ಕಚ್ಚಿಕೊಳ್ಳುವುದಿಲ್ಲ. ಉಜ್ಜಿದಂತೆಲ್ಲ ಪಂಪಿನವರ ಬೂದು ಬಣ್ಣ ಹಾಳೆಹಾಳೆಯಾಗಿ ನೀರಿನಲ್ಲಿ ತೇಲಿತು. ಎಷ್ಟೊಂದು ಅವಸರದಲ್ಲಿ ಹೊಡೆದಿದ್ದರೆಂದರೆ ಮೀಟರಿನ ಗಾಜಿನ ಮೇಲೆ, ಕಿಟಕಿಯ ರಬ್ಬರಿನ ಮೇಲೆ, ಸೀಟಿನ ಬಟ್ಟೆಯ ಮೇಲೆ ಕೂಡ ಹನಿ ಬಿದ್ದಿತ್ತು. ಒಂದು ಚೂರು ಟೇಪ್ ಹಚ್ಚುವ ತಾಳ್ಮೆಯಿಲ್ಲ, ಪುಣ್ಯಾತ್ಮನಿಗೆ. ಹೀಗೆ ಅಂದುಕೊಳ್ಳುತ್ತ, ಹಾಗೆ ಅಂದುಕೊಳ್ಳುವುದರಲ್ಲಿ ಸಣ್ಣಗೆ ಸುಖಪಡುತ್ತ, ಹಿಂದಿನ ಸೀಟಿನ ಎಡಗಡೆ ಬಾಗಿಲ ಹಲಗೆಯನ್ನು ಮಡಿಲಿಗೆ ಎಳೆದುಕೊಂಡ. ಅದರ ಮೇಲೆ, ಕಿಟಕಿಯ ಕೆಳಗೆ, ಅಂಗೈಯಗಲದ ಜಾಗಕ್ಕೆ ಬಣ್ಣವೇ ತಾಗಿರಲಿಲ್ಲ. ಇಲ್ಲಿ ಹೊಡೆಯುವುದನ್ನೇ ಮರೆತಿದ್ದಾರೆ ಎಂದು ನಗು ಬಂತು. ನೊರೆ ಇಳಿದು ಹೋದ ಮೇಲೆ ನೋಡಿದರೆ ಅಲ್ಲಿ ಗೀರುಗಳು. ಗೀರುಗಳಲ್ಲ, ಜನ.

ಮೂರು ಜನ. ಕೀಲಿಕೈಯಿಂದಲೋ ಮೊಳೆಯಿಂದಲೋ ಒತ್ತಿ ಗೀಚಿದ್ದು. ಎಡಕ್ಕೆ ಆ ಜಾಗದ ಅಂಚಿನವರೆಗೂ ಬೆಳೆದ ಒಬ್ಬ ಉದ್ದನೆಯವನು, ಕೈಯಲ್ಲಿ ಸ್ಪಾನರ್ ಇರಬೇಕು. ಬಲಕ್ಕೆ ತ್ರಿಕೋನದಂಥ ಲಂಗ, ಹಾವಿನಂತೆ ಇಳಿಬಿದ್ದ ಜಡೆ. ಇಬ್ಬರ ನಡುವೆ ದೊಡ್ಡ ತಲೆಯ ಒಂದು ಪುಟ್ಟದು, ಎರಡೂ ಕೈ ಚಾಚಿ ಇಬ್ಬರನ್ನೂ ಹಿಡಿದುಕೊಂಡಿದೆ. ಮೂವರ ಬಾಯಿಯೂ ಕಿವಿಯಿಂದ ಕಿವಿಗೆ. ಪೇಂಟರ್ ಹೆಬ್ಬೆರಳನ್ನು ಬೂದು ಬಣ್ಣದ ಅಂಚಿನ ಗುಂಟ ಆಡಿಸಿದ. ಅಂಚು ನೆಟ್ಟಗೆ, ಬ್ಲೇಡಿನಲ್ಲಿ ಕೊಯ್ದ ಹಾಗೆ. ನಾಲ್ಕೂ ಕಡೆ. ಟೇಪ್ ಹಚ್ಚಿ, ಉಗುರಿನಲ್ಲಿ ಒತ್ತಿ ಕೂರಿಸಿ, ಮೇಲೆ ಕಾಗದ ಮುಚ್ಚಿ ಹೊಡೆದರೆ ಮಾತ್ರ ಬರುವ ಅಂಚು. ಇಡೀ ಕಾರಿನಲ್ಲಿ ಮೀಟರಿನ ಗಾಜಿಗೆ ಸಿಗದ ಟೇಪು ಇದಕ್ಕೆ ಸಿಕ್ಕಿತ್ತು.

ಅವನು ಸುತ್ತ ನೋಡಿದ. ಅಂಗಳದಲ್ಲಿ ಯಾರೂ ಇರಲಿಲ್ಲ. ಹುಡುಗಿ ಹೊರಗೆ ಹೋಗಿದ್ದಳು, ಒಳಗೆ ಕುಕ್ಕರ್ ಕೂಗುತ್ತಿತ್ತು. ಹೇಗಿದ್ದರೂ ಉಜ್ಜಲೇಬೇಕು, ಎಂದು ಅವನು ತನಗೇ ಹೇಳಿಕೊಂಡ. ಉಪ್ಪುಕಾಗದ ಆಡಿಸದೆ ಪ್ರೈಮರ್ ಹಿಡಿಯುವುದಿಲ್ಲ, ಗೀರಿನ ಮೇಲೆ ಹೊಡೆದರೆ ಗೀರು ಎದ್ದು ಕಾಣುತ್ತದೆ, ಬಾಳಿಕೆ ಬರಲಿ ಎಂದು ಅವಳೇ ಹೇಳಿದ್ದಾಳೆ. ಎಲ್ಲವೂ ನಿಜ. ಸುತ್ತ ಟೇಪ್ ಹಚ್ಚಿ ಬಿಡಬಹುದು ಎಂಬುದೂ ಅಷ್ಟೇ ನಿಜ, ಅದಕ್ಕೆ ಚಿಟಿಕೆ ಹೊಡೆಯುವಷ್ಟು ಹೊತ್ತೂ ಬೇಡ. ಅವನು ಉಪ್ಪುಕಾಗದದ ಚೂರನ್ನು ನೀರಿಗೆ ಅದ್ದಿ ಮಡಚಿ, ಉದ್ದನೆಯವನ ತಲೆಯ ಮೇಲಿಟ್ಟ. ಒಬ್ಬನನ್ನು ಮಾತ್ರ ತೆಗೆದರೆ ಹೇಗೆ ಕಾಣುತ್ತದೆ ನೋಡೋಣ ಎಂಬಂಥ ಒಂದು ಹುಡುಗಾಟದ, ಹೇಸಿಗೆಯ ಯೋಚನೆ. ತಲೆ ಹೋಯಿತು, ಸ್ಪಾನರ್ ಹೋಯಿತು, ಕಡ್ಡಿಯಂಥ ಕಾಲುಗಳೂ ಹೋದವು. ನೀರು ಹಾಕಿ ಒರೆಸಿ ನೋಡಿದ. ನೋಡಬಾರದಿತ್ತು. ಪುಟ್ಟದು ಎಡಗಡೆಗೆ ಕೈ ಚಾಚಿ ಬರಿಗಾಳಿಯನ್ನು ಹಿಡಿದುಕೊಂಡಿತ್ತು, ಬಾಯಿ ಮಾತ್ರ ಇನ್ನೂ ಕಿವಿಯಿಂದ ಕಿವಿಗೆ ನಗುತ್ತಿತ್ತು. ಗೀಚಿದಾಗ ಒಂದು ಮೂಲೆಯಲ್ಲಿದ್ದ ಮನುಷ್ಯ ಈಗ ಇಡೀ ಹಲಗೆಯ ಮೇಲೆ ಇದ್ದ. ಯಾರು ನೋಡಿದರೂ ಮೊದಲು ಕೇಳುವುದು, ಇಲ್ಲಿದ್ದವರು ಎಲ್ಲಿ ಎಂದು.

ಬಿಡುವ ಹಾಗಿರಲಿಲ್ಲ. ಆ ಕೈಯನ್ನು ಉಜ್ಜಿದ. ಕೈಯಿಲ್ಲದ ಮಗು ಇನ್ನೂ ಘೋರವಾಗಿ ಕಂಡಿತು, ಮಗುವನ್ನೂ ಉಜ್ಜಿದ. ಕೊನೆಗೆ ತ್ರಿಕೋನದ ಲಂಗದವಳೊಬ್ಬಳೇ ಉಳಿದಳು. ಜಡೆಯ ಹತ್ತಿರ ಅವನ ಕೈ ತಡೆಯಿತು. ಹೆಂಡತಿಗೆ ಈಗ ಅಷ್ಟುದ್ದ ಜಡೆಯಿಲ್ಲ, ಅವನು ನೋಡಿದಾಗಲೇ ಕತ್ತರಿಸಿಕೊಂಡಿದ್ದಳು. ಇವಳು ಅವನಿಗೆ ಗೊತ್ತಿಲ್ಲದವಳು, ಇನ್ನೊಬ್ಬನ ಮನೆಯಲ್ಲಿ ಕಿವಿಯಿಂದ ಕಿವಿಗೆ ನಕ್ಕವಳು. ಅವಳನ್ನು ಉಜ್ಜುವಾಗ ಅವನು ಕಣ್ಣು ಪಕ್ಕಕ್ಕೆ ಹಾಯಿಸಿ, ಹೂವಿನ ಕುಂಡದ ಮೇಲೆ ಕೂತ ಇರುವೆಯೊಂದನ್ನು ನೋಡುತ್ತಿದ್ದ. ಆಮೇಲೆ ಆಳವಾದ ಗೀರುಗಳಿಗೆ ಪ್ಲಾಸ್ಟಿಕ್ ಪುಟ್ಟಿ ಮೆತ್ತಿ, ತೆಳ್ಳಗೆ ಎಳೆದು, ನೆರಳಿನಲ್ಲಿ ಆರಲು ಇಟ್ಟ. ಕೈ ತೊಳೆದುಕೊಳ್ಳುವಾಗ ಸೋಪಿನ ನೀರು ಬೂದು ಬಣ್ಣಕ್ಕೆ ತಿರುಗಿ ಮೋರಿಯೊಳಗೆ ಇಳಿದುಹೋಯಿತು. ತಾನೇ ಯಾರನ್ನೋ ಎಲ್ಲಿಗೋ ಸಾಗಿಸಿ ಬಂದವನಂತೆ ಮೇಲೆ ಇನ್ನೊಂದು ತಂಬಿಗೆ ನೀರು ಸುರಿದ.

ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಇಡುತ್ತ, "ಒಣಗಿದ ಬಟ್ಟೆ ತೆಗೀಲಿಕ್ಕೆ ಹೋಗಿದ್ದೆ. ಹಿಂದಿನ ಬಾಗಿಲು ನೋಡಿದೆ," ಎಂದಳು.

"ಹೂಂ."

"ಪುಟ್ಟಿ ಹಾಕಿದ್ದೀರಿ."

"ಗೀರು ಬಿದ್ದಿತ್ತು."

ಅವಳು ಅವನ ಮುಖವನ್ನು ನೋಡಿದಳು, ಕನ್ನಡಕ ಹಾಕಿಸುವ ಮುಂಚೆ ನೋಡುವ ಹಾಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ. ಬೈದುಬಿಡಲಿ, ಎಂದು ಅವನು ಕಾದ. ಬೈದರೆ ತಿರುಗಿ ಹೇಳುವುದಕ್ಕೆ ತನ್ನ ಹತ್ತಿರ ಎಷ್ಟೋ ಇದೆ. ನಲ್ಲಿ ನಿಲ್ಲಿಸಿದ್ದು, ಸಕ್ಕರೆ ಕೇಳದೇ ಹಾಕಿದ್ದು, ಅವರು, ಇವರು. ಅವಳು, "ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ?" ಎಂದಳು. ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಉಗುರುಗಳ ಸಂದಿಯಲ್ಲಿ ಬೂದು ಬಣ್ಣ ಇನ್ನೂ ಇತ್ತು. ಅವಳೂ ಅದನ್ನೇ ನೋಡುತ್ತಿದ್ದಳು.

ಆ ವಾರ ಅವನು ಕೆಲಸ ಮಾಡಿದ ರೀತಿ ಗ್ಯಾರೇಜಿನಲ್ಲಿ ದೊಡ್ಡ ದೊಡ್ಡವರ ಕಾರಿಗೂ ಮಾಡಿರಲಿಲ್ಲ. ಹಲಗೆಗಳನ್ನು ಸ್ಪಿರಿಟ್ಟಿನಲ್ಲಿ ಎರಡೆರಡು ಸಲ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಲಿಲ್ಲ. ಪ್ರೈಮರನ್ನು ಮಂಜು ಬಿದ್ದ ಹಾಗೆ ತೆಳ್ಳಗೆ ಬಿಟ್ಟ. ಬಣ್ಣವನ್ನೂ ಹಾಗೇ, ಮೊದಲ ಕೋಟಿನಲ್ಲಿ ಕೆಳಗಿನದೆಲ್ಲ ಕಾಣುತ್ತಿರಬೇಕು. ಒಂದೇ ಸಲಕ್ಕೆ ಮುಚ್ಚಿಬಿಡುವ ಆಸೆಯಿಂದಲೇ ಅರ್ಧ ಕೆಲಸಗಳು ಹಾಳಾಗುವುದು ಎಂದು ಅವನಿಗೆ ಗೊತ್ತಿತ್ತು. ಒಂದು ಕೋಟು, ಕಾಯುವುದು, ಅಡ್ಡಕ್ಕೆ ಇನ್ನೊಂದು ಕೋಟು, ಕಾಯುವುದು. ಬಣ್ಣ ಹೊಡೆಯುವ ಗನ್ನನ್ನು ಕೈಯಲ್ಲಿ ಹಿಡಿದಷ್ಟು ಹೊತ್ತು ಮನಸ್ಸು ನೀರಿನಂತೆ ತಣ್ಣಗಿರುತ್ತಿತ್ತು, ಕಾಯುವಾಗಲೇ ತೊಂದರೆ. ಇದನ್ನು ನೋಡಿ ಹುಡುಗಿ ಏನನ್ನುತ್ತಾಳೆ, ಪಂಪಿನವರ ಮುಖ ಹೇಗಾಗುತ್ತದೆ. ಇಲ್ಲ, ಅವರ ಮುಖ ಏನೂ ಆಗುವುದಿಲ್ಲ, ಬೆನ್ನು ತಟ್ಟಿ ಶಹಬ್ಬಾಸ್ ಯಜಮಾನ್ರೇ ಎನ್ನುತ್ತಾರೆ, ಆ ಶಹಬ್ಬಾಸ್ ಕೇಳಿ ಹುಡುಗಿ ಹಿಗ್ಗುತ್ತಾಳೆ, ತನ್ನ ಕೆಲಸವೂ ಕಡೆಗೆ ಅವರ ದೊಡ್ಡತನವಾಗಿ ಮುಗಿಯುತ್ತದೆ. ಪುಟ್ಟಿ ಹಾಕಿದ ಜಾಗವೊಂದೇ ಅವನಿಗೆ ಕಾಟ ಕೊಟ್ಟಿತು. ಸುತ್ತಲಿನ ಪ್ಲಾಸ್ಟಿಕ್ಕಿನಲ್ಲಿ ತರಿ ಇತ್ತು, ಇಲ್ಲಿ ಇರಲಿಲ್ಲ, ಬೋಳು ತಲೆಯ ಹಾಗೆ ನುಣ್ಣಗಿತ್ತು. ಗನ್ನಿನ ಗಾಳಿ ಕಡಿಮೆ ಮಾಡಿ, ದೂರದಿಂದ ಹನಿಹನಿಯಾಗಿ ಚಿಮುಕಿಸಿ, ಆರಿದ ಮೇಲೆ ಮೆಲ್ಲಗೆ ಉಜ್ಜಿ, ಮತ್ತೆ ಚಿಮುಕಿಸಿ, ಸುಳ್ಳು ತರಿ ಎಬ್ಬಿಸಿದ. ಕಣ್ಣಿಗೆ ಗೊತ್ತಾಗುವ ಹಾಗಿರಲಿಲ್ಲ. ಬೆರಳಿಗೆ ಗೊತ್ತಾಗುತ್ತಿತ್ತು, ಗೊತ್ತಿದ್ದ ಬೆರಳಿಗೆ ಮಾತ್ರ. ಕೊನೆಗೆ ಬಣ್ಣ ಕಾಯಲು ಹೊಳಪಿಲ್ಲದ ಪಾರದರ್ಶಕ ಕ್ಲಿಯರ್ ಹೊಡೆದು, ದಿನಗಟ್ಟಲೆ ಒಣಗಿಸಿ, ಭಾನುವಾರ ಬೆಳಗ್ಗೆ ಎಲ್ಲವನ್ನೂ ಜೋಡಿಸಿದ.

ಪಂಪಿನವರು ಬಂದರು, ಗೇಟಿನಲ್ಲಿ ಬಗ್ಗಿದರು, ಹಣ್ಣಿನ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟರು. ಹುಡುಗಿ ಅವರನ್ನು ತೋಳು ಹಿಡಿದು ಎಳೆದುಕೊಂಡೇ ಶೆಡ್ಡಿಗೆ ಕರೆತಂದಳು. ಕಾರಿನ ಒಳಗೆಲ್ಲ ಇದ್ದಿಲಿನಂಥ ಕಡುಬಣ್ಣ, ಮಂಕಾಗಿ, ಹದವಾಗಿ, ಎಲ್ಲೂ ಒಂದು ಹನಿ ಆಚೀಚೆ ಇಲ್ಲದೆ ಕೂತಿತ್ತು. "ಅಪ್ಪಾ, ಉಗುರು ಹಾಕಿ ನೋಡು, ಬರಲ್ಲ," ಎಂದಳು ಹುಡುಗಿ. ಅವರು ಡ್ಯಾಶ್‌ಬೋರ್ಡಿಗೆ ಉಗುರು ಹಾಕಿ ನೋಡಿದರು.

"ಅಬ್ಬಾ! ಕಂಪನಿಯಿಂದ ಈಗ ಇಳಿದ ಹಾಗಿದೆಯಲ್ಲ ಯಜಮಾನ್ರೇ. ನಾನು ಹೊಡೆದದ್ದು ನೋಡಿ ಹೊಟ್ಟೆತುಂಬ ನಕ್ಕಿರಬೇಕು ನೀವು."

"ಹಾಗೇನಿಲ್ಲ," ಎಂದ ಪೇಂಟರ್.

ಅವರು ಹಿಂದಿನ ಬಾಗಿಲು ತೆರೆದು ಒಳಗೆ ಕೂತರು. ಮೊಣಕಾಲು ಮಡಚಿಕೊಂಡು, ಬಾಗಿಲು ಎಳೆದುಕೊಂಡು, ಎಡಗೈಯನ್ನು ನೋಡದೆಯೇ ಕಿಟಕಿಯ ಕೆಳಗೆ ಇಟ್ಟರು, ಕತ್ತಲೆಯಲ್ಲಿ ಸ್ವಿಚ್ಚಿಗೆ ಕೈ ಹೋಗುವ ಹಾಗೆ. ಬೆರಳುಗಳು ಹಿಂದೆ ಮುಂದೆ ಆಡಿದವು. ತರಿ ಬದಲಾದ ಜಾಗಕ್ಕೆ ಬಂದು ನಿಂತವು. ಅವರು ತಲೆ ತಗ್ಗಿಸಿ ನೋಡಿದರು, ಆಮೇಲೆ ತೆರೆದ ಕಿಟಕಿಯಿಂದ ಪೇಂಟರನ್ನು ನೋಡಿದರು. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ಪೇಂಟರಿಗೆ ಅದು ಚೆನ್ನಾಗಿ ಗೊತ್ತಿದ್ದ ನೋಟ. ಅವರು ಎದ್ದು ಹೋದ ಮೇಲೆ ಭಾನುವಾರ ಸಂಜೆ ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದ. ಈ ಮನುಷ್ಯನಿಗೂ ಹೀಗಾಗುತ್ತದೆಂದು, ಈ ಗೇಟಿನಿಂದ ಆಚೆ ಹೋಗುವಾಗ ಪ್ರತಿ ಸಲ ಹೀಗೇ ಆಗುತ್ತಿದ್ದಿರಬಹುದೆಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

ಬಾಯಿಬಿಟ್ಟದ್ದು ಹುಡುಗಿ. ಬಗ್ಗಿ ನೋಡಿದವಳು, "ಅರೆ, ಇಲ್ಲಿ ನಾನು ಗೀಚಿದ್ದಿತ್ತಲ್ಲ, ಹೋಗಿಬಿಟ್ಟಿದೆ!" ಎಂದಳು.

ಪೇಂಟರ್ ಬಾಗಿಲ ಹಿಡಿಯನ್ನು ಅಂಗಿಯ ತುದಿಯಿಂದ ಒರೆಸತೊಡಗಿದ.

"ಅಬ್ಬ, ಸದ್ಯ," ಎಂದಳು ಅವಳು. "ಅದನ್ನ ನೋಡಿದಾಗಲೆಲ್ಲ ನನಗೆ ಕೆನ್ನೆ ಚುರುಗುಟ್ಟೋದು. ನೆನಪಿದೆಯಾ ಅಪ್ಪಾ? ನೀನು ಅಮ್ಮ ಮುಂದೆ ಕೂತು ಏನೋ ಮಾತಾಡ್ತಾ ಇದ್ರಿ, ನಾನು ಹಿಂದೆ ಕೂತು ಮನೆ ಬೀಗದಕೈಯಲ್ಲಿ ಗೀಚ್ತಾ ಇದ್ದೆ. ನೀನು ತಿರುಗಿ ನೋಡಿದವನೇ ಫಟಾರ್ ಅಂತ ಬಿಟ್ಟೆ. ನೀನು ಹೊಡೆದದ್ದು ಅದೊಂದೇ ಸಲ. ಆಮೇಲೆ ಬಣ್ಣ ಹೊಡೆದಾಗಲೂ ಅಷ್ಟನ್ನ ಹಾಗೇ ಬಿಟ್ಟೆಯಲ್ಲ, ನನ್ನ ತಪ್ಪು ನನಗೆ ಕಾಣ್ತಾ ಇರ್ಲಿ ಅಂತ. ಅವತ್ತೂ ನಾನು ಆ ಬಾಗಿಲ ಹತ್ತಿರ ಬರ್ಲಿಲ್ಲ, ಆಮೇಲೂ ಆ ಕಡೆ ಕೂರ್ತಾನೇ ಇರ್ಲಿಲ್ಲ." ಅವಳು ಪೇಂಟರನ ಕಡೆ ತಿರುಗಿದಳು. "ಅಮ್ಮ ಹೇಳಿದ್ಲಾ ಅಂಕಲ್ ನಿಮಗೆ? ನಿಜವಾಗ್ಲೂ ಥ್ಯಾಂಕ್ಸ್."

"ಹಾಗಲ್ಲ ಕಣೇ..." ಎಂದರು ಒಳಗಿನಿಂದ ಪಂಪಿನವರು. ಬಾವಿಯ ಹಾವಿನ ಕಥೆಯನ್ನು ಅಷ್ಟು ಸೊಗಸಾಗಿ ಹೇಳುವ ಮನುಷ್ಯನಿಗೆ ಇಲ್ಲಿ ಮಾತು ಮುಂದಕ್ಕೆ ಹೋಗಲಿಲ್ಲ.

ಹುಡುಗಿ ಆಗಲೇ ಸ್ಟೇರಿಂಗಿನ ಹಿಂದೆ ಕೂತಾಗಿತ್ತು. "ಬನ್ನಿ ಬನ್ನಿ, ಅಂಕಲ್ ಮುಂದೆ ಕೂತ್ಕೊಳ್ಳಲಿ, ಇವತ್ತು ಅವರದ್ದೇ ದಿನ," ಎಂದಳು. ಪೇಂಟರ್ ಮುಂದೆ ಕೂತ. ಹೆಂಡತಿ ಗೇಟು ತೆರೆದು ಹಿಡಿದಳು. ಕಾರು ಅವಳನ್ನು ದಾಟುವಾಗ ಅವಳು ಯಾರನ್ನು ನೋಡಿದಳು ಎಂದು ಅವನು ನೋಡಲಿಲ್ಲ. ನೋಡಬೇಕೆಂದು ನೆನಪಾದದ್ದು ಬೀದಿಯ ತಿರುವಿನಲ್ಲಿ. ಎಲ್ಲವೂ ಅವನು ಬಯಸಿದ ಹಾಗೇ ಆಗಿತ್ತು. ಅವನು ಮುಂದೆ, ಅವರು ಹಿಂದೆ. ಹುಡುಗಿ ಡ್ಯಾಶ್‌ಬೋರ್ಡನ್ನು ಮಧ್ಯೆ ಮಧ್ಯೆ ಅಂಗೈಯಿಂದ ಸವರುತ್ತಿದ್ದಳು, "ಎಷ್ಟು ಚೆನ್ನಾಗಿದೆ ಅಂಕಲ್," ಎನ್ನುತ್ತಿದ್ದಳು. ಕೆಲಸಕ್ಕೆ ಸಿಗಬೇಕಾದ ಹೊಗಳಿಕೆ ಸಿಗುತ್ತಿತ್ತು, ಅದರ ಜೊತೆಗೆ ಮಾಡದ ಉಪಕಾರದ ಹೊಗಳಿಕೆಯೂ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವನಿಗೆ ಕಷ್ಟದ ಕೆಲಸವೇ ಅಲ್ಲ, ಈ ಮನೆಯಲ್ಲಿ ಅದನ್ನೇ ಕಲಿತದ್ದು. ಆ ಜಾಗವನ್ನು ಎಷ್ಟು ಜೋಪಾನವಾಗಿ ಮುಚ್ಚಿಟ್ಟಿದ್ದರೆಂದು ಅವರ ಹೊರತು ಬಲ್ಲವನು ತಾನೊಬ್ಬನೇ. ಪಂಪಿನವರು ತಮ್ಮ ಬಾಯಿಂದ ಎಷ್ಟು ಹೇಳಿದರೂ ಅದು ಸಮಜಾಯಿಷಿಯಾಗುತ್ತದೆ. ಸಾಕ್ಷಿ ಹೇಳಬಲ್ಲವನು, ಆ ಅಂಚನ್ನು ಹೆಬ್ಬೆರಳಿನಲ್ಲಿ ಓದಿದವನು, ಮುಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದಾನೆ. ಹಿಂದೆ ಅವರು ಒಂದು ಮಾತೂ ಆಡುತ್ತಿರಲಿಲ್ಲ. ಅವರು ಇರುವ ಕಡೆ ಇಷ್ಟು ಹೊತ್ತು ಮೌನ ಇದ್ದದ್ದನ್ನು ಪೇಂಟರ್ ಕೇಳಿಯೇ ಇರಲಿಲ್ಲ. ಅದು ತನಗೆ ಹಿತವಾಗುತ್ತದೆಯೇ ಎಂದು ನೋಡಿಕೊಂಡ. ಸ್ವಲ್ಪ ಹಿತವಾಗುತ್ತಿತ್ತು. ಆ ಹಿತ ತಡೆಯಲಾಗಲಿಲ್ಲ.

"ಟೇಪ್ ಹಾಕಿದ್ರು," ಎಂದ.

"ಏನು ಅಂಕಲ್?"

"ನೀನು ಗೀಚಿದ್ದಿತ್ತಲ್ಲ, ಅದಕ್ಕೆ. ನಾಲ್ಕೂ ಕಡೆ ಟೇಪ್ ಹಾಕಿ, ಉ​ಗುರಲ್ಲಿ ಒತ್ತಿ, ಮೇಲೆ ಕಾಗದ ಮುಚ್ಚಿ ಹೊಡೆದಿದ್ರು ನಿಮ್ಮಪ್ಪ. ಒಂದು ಹನಿ ಒಳಗೆ ಹೋಗಿರ್ಲಿಲ್ಲ." ಅವನ ದನಿ ಗ್ಯಾರೇಜಿನಲ್ಲಿ ಗಿರಾಕಿಗೆ ವಿವರಿಸುವ ದನಿಯಾಗಿತ್ತು, ಅದೊಂದೇ ದನಿ ಕೈಗೆ ಸಿಕ್ಕಿದ್ದು. "ಇಡೀ ಕಾರಲ್ಲಿ ಇನ್ನೆಲ್ಲೂ ಟೇಪ್ ಹಾಕಿಲ್ಲ ಅವರು. ಮೀಟರ್ ಗಾಜಿಗೂ ಹಾಕಿಲ್ಲ. ತಪ್ಪು ಕಾಣ್ಲಿ ಅಂತ ಬಿಡೋರು ಅಷ್ಟು ಜೋಪಾನ ಮಾಡಲ್ಲ ಕಣಮ್ಮ. ಅದು ಇರ್ಲಿ ಅಂತ ಇಟ್ಟುಕೊಂಡಿದ್ದು." ಸ್ವಲ್ಪ ತಡೆದು, "ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಗೊತ್ತಾಗಿಯೇ ಉಜ್ಜಿದ್ದು," ಎಂದ.

ಹುಡುಗಿ ಕಾರನ್ನು ರಸ್ತೆಯ ಪಕ್ಕಕ್ಕೆ ತಂದಳು. ಸರಿಯಾಗಿ ನಿಲ್ಲಿಸಲು ಬಾರದೆ ಎಂಜಿನ್ ಒಂದು ಸಲ ಜಗ್ಗಿ ಆರಿಹೋಯಿತು. ಅವಳು ಪೇಂಟರನ ಕಡೆ ನೋಡಲಿಲ್ಲ. ಮೇಲಿನ ಕನ್ನಡಿಯನ್ನು ಹಿಡಿದು, ಹಿಂದಿನ ಸೀಟು ಪೂರ್ತಿ ಕಾಣುವವರೆಗೆ ತಿರುಗಿಸಿದಳು. ಅವನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು, ಎಂದಿನಷ್ಟೇ. ಸತ್ಯ ಹೇಳಿದ್ದಕ್ಕೆ ಅದೇನೂ ರಿಯಾಯಿತಿ ಕೊಡಲಿಲ್ಲ.

"ಅಪ್ಪಾ," ಎಂದಳು. "ಹೌದಾ?"

"ಹೋಗ್ಲಿ ಬಿಡಮ್ಮ," ಎಂದರು ಅವರು. ಆಮೇಲೆ ಕೆಮ್ಮಿ, "ಹೊಸ ಬಣ್ಣದ ವಾಸನೆ ಯಜಮಾನ್ರೇ, ಕಣ್ಣಿಗೆ ಹೊಡೀತಾ ಇದೆ," ಎಂದರು.

ಬಣ್ಣ ಒಣಗಿ ದಿನಗಳಾಗಿದ್ದವು, ಅದಕ್ಕೆ ವಾಸನೆಯೇ ಉಳಿದಿರಲಿಲ್ಲ. "ಹೌದು, ಇನ್ನೊಂದೆರಡು ದಿನ ಹಾಗೇ," ಎಂದ ಪೇಂಟರ್. ಹುಡುಗಿ ತನ್ನ ಪಕ್ಕದಲ್ಲಿದ್ದ ನೀರಿನ ಬಾಟಲಿಯನ್ನು ತೆಗೆದು ಹಿಂದಕ್ಕೆ ಚಾಚಿದಳು. ಸೀಟಿನ ಬೆಲ್ಟು ಬಿಗಿದಿದ್ದರಿಂದ ಅವಳ ಕೈ ಅಲ್ಲಿಯವರೆಗೆ ಮುಟ್ಟಲಿಲ್ಲ. ಪೇಂಟರ್ ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ತಿರುಗಿ ನೋಡದೆ, ಭುಜದ ಮೇಲಿಂದ ಹಿಂದಕ್ಕೆ ಕೊಟ್ಟ.